ಒಂದು ಕ್ರಿಯಾಪದಕ್ಕಾಗಿ ಕಾದ ಪ್ಯಾರಿಸ್

2015ರ ಡಿಸೆಂಬರ್ 12, ಶನಿವಾರ. ಪ್ಯಾರಿಸ್ ಪಕ್ಕದ ಲೆ ಬೂರ್ಜೆಯಲ್ಲಿ ನಡೀತಿದ್ದ ಹವಾಮಾನ ಸಮ್ಮೇಳನ ಹಿಂದಿನ ದಿನವೇ ಮುಗಿಯಬೇಕಿತ್ತು, ಮುಗಿದಿರಲಿಲ್ಲ. ಮಧ್ಯಾಹ್ನ ಅಂತಿಮ ಕರಡು ಎಲ್ಲರ ಕೈಗೆ ಬಂತು. ಅದನ್ನು ಓದುತ್ತಾ ಅಮೆರಿಕದ ವಕೀಲರು 4ನೇ ವಿಧಿಯ 4ನೇ ಪ್ಯಾರಾದಲ್ಲಿ ಗಕ್ಕನೆ ನಿಂತರು. ಮುಂದುವರಿದ ದೇಶಗಳು ಇಡೀ ಆರ್ಥಿಕತೆಗೆ ಅನ್ವಯಿಸುವ ಹೊಗೆ ಕಡಿತದ ಗುರಿ ಹಾಕಿಕೊಂಡು ದಾರಿ ತೋರಿಸಬೇಕು ಅನ್ನುವ ವಾಕ್ಯ ಅದು. ಹಿಂದಿನ ಕರಡುಗಳಲ್ಲಿ ‘ಶುಡ್’ ಇದ್ದ ಜಾಗದಲ್ಲಿ ಈಗ ‘ಶಲ್’ ಕೂತಿತ್ತು.

ಮಾತಿನ ಕನ್ನಡಕ್ಕೆ ಈ ವ್ಯತ್ಯಾಸ ತರೋದು ಕಷ್ಟ. ‘ದಿನಾ ವಾಕಿಂಗ್ ಹೋಗ್ಬೇಕು’ ಅಂದ್ರೂ ‘ಬೇಕು’, ‘ಕಂದಾಯ ಕಟ್ಬೇಕು’ ಅಂದ್ರೂ ‘ಬೇಕು’. ಆದರೆ ನಮ್ಮ ಕಾಯಿದೆ ಪುಸ್ತಕಗಳಿಗೆ ಗೊತ್ತು. ಅಲ್ಲಿ ‘ಸಲ್ಲಿಸತಕ್ಕದ್ದು’ ಅಂತಿದ್ರೆ ತಪ್ಪಿಸಿಕೊಳ್ಳೋ ಹಾಗಿಲ್ಲ. ಅದೇ ‘ಶಲ್’. ‘ಶುಡ್’ ಅಂದ್ರೆ ಮಾಡಿದ್ರೆ ಒಳ್ಳೇದು, ಅಷ್ಟೇ. ನನ್ನಂಥ ಸಾಫ್ಟ್‌ವೇರ್ ಮಂದಿಗೆ ಇದು ಹೊಸದಲ್ಲ. ಇಂಟರ್ನೆಟ್ಟಿನ ನಿಯಮಗಳಲ್ಲಿ ‘ಮಸ್ಟ್’, ‘ಶಲ್’, ‘ಶುಡ್’ ಯಾವುದಕ್ಕೆ ಏನರ್ಥ ಅಂತ ಹೇಳೋಕೇ ಆರ್‌ಎಫ್‌ಸಿ 2119 ಅನ್ನೋ ಪುಟ್ಟ ದಸ್ತಾವೇಜಿದೆ. ಬಂದಿದ್ದು 1997ರಲ್ಲಿ.

ಅಮೆರಿಕದ ಈ ಭಯಕ್ಕೂ ಬೇರು ಅದೇ 1997ರಲ್ಲೇ ಇದೆ. ಅಮೆರಿಕದ ಸಂವಿಧಾನದ ಪ್ರಕಾರ ‘ಟ್ರೀಟಿ’ ಅನ್ನಿಸಿಕೊಳ್ಳೋ ಒಪ್ಪಂದಕ್ಕೆ ಸೆನೆಟ್ಟಿನ ಮೂರನೇ ಎರಡರಷ್ಟು ಮತ ಬೇಕು. 1992ರ ರಿಯೊ ಹವಾಮಾನ ಒಡಂಬಡಿಕೆಗೆ ಅದು ಸಿಕ್ಕಿತ್ತು. ಕ್ಯೋಟೊ ಸಭೆಗೆ ಕೆಲವು ತಿಂಗಳ ಮುಂಚೆ, 1997ರ ಜುಲೈನಲ್ಲಿ, ಸೆನೆಟ್ ಒಂದು ನಿರ್ಣಯ ಪಾಸು ಮಾಡಿತು: ಅಭಿವೃದ್ಧಿಶೀಲ ದೇಶಗಳಿಗೂ ಹೊಣೆ ಇಲ್ಲದಿದ್ದರೆ, ನಮ್ಮ ಆರ್ಥಿಕತೆಗೆ ಪೆಟ್ಟು ಬೀಳೋದಾದರೆ, ಸಹಿ ಹಾಕಬೇಡಿ. ಪರವಾಗಿ 95, ವಿರುದ್ಧ ಸೊನ್ನೆ. ಕ್ಯೋಟೊದಲ್ಲಿ ಅಮೆರಿಕ ಶೇ. 7ರಷ್ಟು ಕಡಿತಕ್ಕೆ ಒಪ್ಪಿ ಬಂದರೂ ಕ್ಲಿಂಟನ್ ಅದನ್ನು ಸೆನೆಟ್ಟಿಗೆ ಕಳಿಸಲೇ ಇಲ್ಲ, 2001ರಲ್ಲಿ ಬುಷ್ ಕೈ ತೊಳೆದುಕೊಂಡರು.

ಒಬಾಮಾ ಲೆಕ್ಕ ಸರಳ. ಪ್ಯಾರಿಸ್ಸಿನಲ್ಲಿ ಕಡ್ಡಾಯ ಕಡಿತ ಇಲ್ಲದಿದ್ದರೆ, ಇದು 1992ರ ಒಡಂಬಡಿಕೆಯ ಮುಂದುವರಿಕೆ ಅಂತ ಹೇಳಿ ಸೆನೆಟ್ ದಾಟದೆ ಸಹಿ ಹಾಕಬಹುದು. ಆ ಒಂದು ‘ಶಲ್’ ಉಳಿದರೆ ಲೆಕ್ಕವೇ ತಲೆಕೆಳಗು. ಇದು ಹೀಗೇ ಇದ್ದರೆ ನಾವಿಲ್ಲ ಅಂತ ವಿದೇಶಾಂಗ ಕಾರ್ಯದರ್ಶಿ ಜಾನ್ ಕೆರ್ರಿ, ಸಮ್ಮೇಳನದ ಅಧ್ಯಕ್ಷ ಲೊರಾಂ ಫಾಬಿಯಸ್‌ಗೆ ತಿಳಿಸಿದರು. ಬಹಿರಂಗವಾಗಿ ತಿದ್ದುಪಡಿ ಕೇಳಿದರೆ ಉಳಿದ ದೇಶಗಳೂ ಒಂದೊಂದು ವಾಕ್ಯ ಎತ್ತಿಕೊಂಡು ಬರ್ತಿದ್ದವು. ಅದೇ ಪ್ಯಾರಾದಲ್ಲಿ ನಮ್ಮಂಥ ದೇಶಗಳಿಗೆ ‘ಶುಡ್’, ಶ್ರೀಮಂತರಿಗೆ ‘ಶಲ್’ ಅನ್ನೋದು ಬಡ ದೇಶಗಳಿಗೆ ಬಿಟ್ಟುಕೊಡುವಂಥ ಲಾಭವೇನಲ್ಲ ನೋಡಿ. ಸಭೆ ಶುರುವಾಗದೆ ಎಲ್ಲರೂ ಕಾದರು, ಒಳಗೊಳಗೇ ಮಾತುಕತೆ ನಡೆಯಿತು. ಕೊನೆಗೆ ಅಲ್ಪವಿರಾಮ, ಅನುವಾದದ ತಪ್ಪುಗಳ ಜೊತೆಯಲ್ಲಿ ಇದನ್ನೂ ಒಂದು ತಾಂತ್ರಿಕ ತಿದ್ದುಪಡಿ ಅಂತ ಓದಿಬಿಟ್ಟರು. ಫಾಬಿಯಸ್ ಹಸಿರು ಸುತ್ತಿಗೆ ಕುಟ್ಟಿದರು. ನಿಕರಾಗುವಾ ಆಮೇಲೆ ಆಕ್ಷೇಪ ಎತ್ತಿತು. ಅಷ್ಟರಲ್ಲಿ ಕೆಲಸ ಮುಗಿದಿತ್ತು.

ಹಾಗಾದ್ರೆ ಪ್ಯಾರಿಸ್ ಬರೀ ಹಾರೈಕೆನಾ? ಅಷ್ಟೂ ಅಲ್ಲ. ಒಪ್ಪಂದದ ತುಂಬ ‘ಶಲ್’ಗಳಿವೆ, ಆದರೆ ಅವು ಇರೋ ಜಾಗ ಬೇರೆ. ಪ್ರತಿ ದೇಶ ತನ್ನ ಗುರಿಯನ್ನು ತಾನೇ ಬರೆದು ಸಲ್ಲಿಸತಕ್ಕದ್ದು, ಐದು ವರ್ಷಕ್ಕೊಮ್ಮೆ ಹೊಸದು ಕೊಡತಕ್ಕದ್ದು, ಎಷ್ಟು ಮಾಡಿದೆ ಅಂತ ವರದಿ ಒಪ್ಪಿಸತಕ್ಕದ್ದು. ಗುರಿ ಮುಟ್ಟತಕ್ಕದ್ದು ಅಂತ ಮಾತ್ರ ಎಲ್ಲೂ ಇಲ್ಲ. ಪಾಲನೆ ನೋಡೋಕೆ ಸಮಿತಿ ಇದೆ, ಅದು ದಂಡಿಸೋ ಹಾಗಿಲ್ಲ ಅಂತ 15ನೇ ವಿಧಿಯೇ ಹೇಳುತ್ತೆ. ನಮ್ಮ ಆಫೀಸುಗಳಲ್ಲಿ ಡೆಡ್‌ಲೈನ್ ತಪ್ಪಿದ್ರೂ ನಡೀತದೆ, ಸ್ಟೇಟಸ್ ರಿಪೋರ್ಟ್ ತಪ್ಪಿದ್ರೆ ನಡಿಯಲ್ಲ. ಹೆಚ್ಚುಕಮ್ಮಿ ಅದೇ ರೀತಿ. ದುರ್ಬಲ ಅನ್ನೋದು ನಿಜ. ಆದರೆ ಬಿಗಿಯಾಗಿದ್ದ ಕ್ಯೋಟೊದಿಂದ ದೊಡ್ಡವರೇ ಹೊರಗುಳಿದದ್ದನ್ನು ನೋಡಿದ ಮೇಲೆ, ಇನ್ನೇನು ಬರೆಯಬಹುದಿತ್ತು ಅನ್ನೋದು ನನಗಂತೂ ಹೊಳೆಯೋದಿಲ್ಲ.

ಸೆನೆಟ್ ತಪ್ಪಿಸಿದ್ದಕ್ಕೆ ಬೆಲೆಯೂ ತೆರಬೇಕಾಯಿತು. ಒಬ್ಬ ಅಧ್ಯಕ್ಷನ ಸಹಿಯಿಂದ ಒಳಗೆ ಬಂದದ್ದು ಇನ್ನೊಬ್ಬನ ಸಹಿಯಿಂದ ಹೊರಗೆ ಹೋಗಬಹುದಲ್ಲ. ಬಿಡಬೇಕಾದರೆ ಜಾರಿಯಾಗಿ ಮೂರು ವರ್ಷ ಕಾದು ನೋಟಿಸ್ ಕೊಡಬೇಕು, ಮತ್ತೊಂದು ವರ್ಷ ಕಾಯಬೇಕು ಅಂತ 28ನೇ ವಿಧಿ. 2016ರ ನವೆಂಬರ್ 4ಕ್ಕೆ ಒಪ್ಪಂದ ಜಾರಿಗೆ ಬಂದಿತ್ತು. ಟ್ರಂಪ್ ಸರ್ಕಾರ 2019ರ ಅದೇ ದಿನ ನೋಟಿಸ್ ಕೊಟ್ಟಿತು. ಅಮೆರಿಕ ಅಧಿಕೃತವಾಗಿ ಹೊರಬಿದ್ದದ್ದು 2020ರ ನವೆಂಬರ್ 4ರಂದು, ಟ್ರಂಪ್ ಸೋತ ಚುನಾವಣೆಯ ಮರುದಿನ. ಬೈಡನ್ ಬಂದ ಮೊದಲ ದಿನವೇ ವಾಪಸ್ ಸಹಿ ಹಾಕಿದರು. ಅದಕ್ಕೆ ಮೂವತ್ತೇ ದಿನ ಸಾಕಾಯಿತು.