ಬಾರ್ಡರ್ ಕೋಲಿ: ಕೆಲಸವೇ ಕುಲವಾದ ನಾಯಿಯ ಕಥೆ

ಪುಣೆಯ ನಮ್ಮ ಸೊಸೈಟಿಯಲ್ಲಿ ಲ್ಯಾಬ್ರಡಾರ್, ಪಗ್‌ಗಳ ಜೊತೆಗೆ ಈಗ ಕಪ್ಪು-ಬಿಳಿ ಬಣ್ಣದ ಬಾರ್ಡರ್ ಕೋಲಿಗಳೂ ಕಾಣಿಸುತ್ತಿವೆ. ನಮ್ಮ ಮನೆಯಲ್ಲೂ ಒಬ್ಬಳಿದ್ದಾಳೆ. ಹೆಸರು ಚುಕ್ಕಿ. ಅವಳಿಗೆ ನಮ್ಮದು ಎರಡನೆಯ ಮನೆ. ಮೊದಲಿನವರು “ಬಹಳ ಬುದ್ಧಿವಂತ ತಳಿ” ಎಂದು ಕೇಳಿ, ಆಸೆಪಟ್ಟು ತಂದಿದ್ದರು. ಒಂದೂವರೆ ವರ್ಷದಲ್ಲಿ ಸೋಫಾ ಹರಿದು, ಮಕ್ಕಳ ಸೈಕಲ್ ಅಟ್ಟಿಸಿಕೊಂಡು ಹೋಗಿ, ನೆರೆಯವರ ದೂರು ಹೆಚ್ಚಾದಾಗ “ನಮ್ಮ ಕೈಲಾಗದು” ಎಂದು ಬಿಟ್ಟುಕೊಟ್ಟರು. ಅವರು ಕೆಟ್ಟವರಲ್ಲ, ನಾಯಿಯೂ ಕೆಟ್ಟದ್ದಲ್ಲ. ಹಾಗಾದರೆ ಎಡವಟ್ಟಾದದ್ದೆಲ್ಲಿ? ಉತ್ತರ ಸಿಕ್ಕಿದ್ದು ಈ ತಳಿಯ ಚರಿತ್ರೆಯಲ್ಲಿ. ಓದಿ ತಿಳಿದುಕೊಂಡದ್ದನ್ನು ವೇದಿಕೆಯ ಗೆಳತಿಯರೊಡನೆ ಹಂಚಿಕೊಳ್ಳುತ್ತಿದ್ದೇನೆ.

ಹೆಸರಿನಲ್ಲಿರುವ ‘ಬಾರ್ಡರ್’ ಎಂದರೆ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವಿನ ಗಡಿನಾಡು. ಬೋಳು ಗುಡ್ಡ, ಗಾಳಿ, ಮಳೆಯ ಸೀಮೆ. ಅಲ್ಲಿ ಕುರಿಗಳನ್ನು ಗುಡ್ಡದ ಮೇಲೆ ಮೇಯಲು ಬಿಟ್ಟುಬಿಡುತ್ತಾರೆ. ಅವು ಮೈಲಿಗಟ್ಟಲೆ ಚದುರಿಹೋಗುತ್ತವೆ. ಉಣ್ಣೆ ಕತ್ತರಿಸುವಾಗ, ಮರಿ ಹಾಕುವಾಗ ಅವನ್ನೆಲ್ಲ ಕೆಳಗೆ ತರಬೇಕು. ನಮ್ಮ ದಖ್ಖನ್ನಿನ ರೀತಿ ಬೇರೆ. ಮಳೆಗಾಲ ಮುಗಿದ ಮೇಲೆ ಪುಣೆಯ ಹೊರವಲಯದಲ್ಲಿ ಹಿಂಡು ಹೊಡೆದುಕೊಂಡು ಹೋಗುವ ಧನಗರರನ್ನು ನೀವೂ ನೋಡಿರಬಹುದು. ಇಲ್ಲಿ ಕುರಿಗಾಹಿ ಹಿಂಡಿನ ಜೊತೆಯಲ್ಲೇ ನಡೆಯುತ್ತಾನೆ, ನಾಯಿಯ ಕೆಲಸ ತೋಳದಿಂದ ಕಾವಲು. ಬ್ರಿಟನ್ನಿನಲ್ಲಿ ತೋಳಗಳು ಶತಮಾನಗಳ ಹಿಂದೆಯೇ ನಿರ್ನಾಮವಾದವು. ಅಲ್ಲಿ ಬೇಕಾದದ್ದು ಕಾಯುವ ನಾಯಿಯಲ್ಲ, ದೂರದಿಂದ ಕುರಿಗಳನ್ನು ಒಟ್ಟುಗೂಡಿಸಿ ತರುವ ನಾಯಿ.

ತೋಳವೂ ನಾಯಿಯೂ ಬೇಟೆಯಾಡುವಾಗ ಮೊದಲು ದಿಟ್ಟಿಸುತ್ತವೆ, ಬಳಿಕ ಹೊಂಚುತ್ತವೆ, ಅಟ್ಟುತ್ತವೆ, ಕೊನೆಗೆ ಕಚ್ಚುತ್ತವೆ. ಗಡಿನಾಡಿನ ಕುರಿಗಾಹಿಗಳು ತಲೆಮಾರುಗಳ ಕಾಲ ಮೊದಲ ಮೂರನ್ನು ಬಲಪಡಿಸಿ ಕೊನೆಯದನ್ನು ಅದುಮುವಂಥ ನಾಯಿಗಳನ್ನೇ ಆರಿಸಿ ಸಂತಾನ ಬೆಳೆಸಿದರು. ನಾಯಿ ನೆಲಕ್ಕೆ ತಗ್ಗಿ ರೆಪ್ಪೆ ಹೊಡೆಯದೆ ನೋಡಿದರೆ ಸಾಕು, ಕುರಿಗಳು ಸರಿಯುತ್ತವೆ. ಇದನ್ನು ಅವರು ‘ಐ’, ಅಂದರೆ ಕಣ್ಣು ಎಂದೇ ಕರೆಯುತ್ತಾರೆ.

1873ರಲ್ಲಿ ವೇಲ್ಸ್‌ನ ಬಾಲಾ ಎಂಬ ಊರಿನಲ್ಲಿ ಕುರಿನಾಯಿಗಳ ಸ್ಪರ್ಧೆ ನಡೆಯಿತು. ಬ್ರಿಟನ್ನಿನಲ್ಲಿ ದಾಖಲಾದ ಮೊದಲ ಸ್ಪರ್ಧೆ ಅದು. ಗೆದ್ದದ್ದು ಸ್ಕಾಟ್ಲೆಂಡ್ ಮೂಲದ ಕುರಿಗಾಹಿಯೊಬ್ಬನ ಟ್ವೀಡ್ ಎಂಬ ನಾಯಿ. ಇಪ್ಪತ್ತು ವರ್ಷಗಳ ನಂತರ, 1893ರಲ್ಲಿ, ನಾರ್ತಂಬರ್ಲೆಂಡಿನ ಆಡಮ್ ಟೆಲ್ಫರ್ ಎಂಬ ರೈತನ ಮನೆಯಲ್ಲಿ ಹೆಂಪ್ ಹುಟ್ಟಿತು. ಅಪ್ಪ ರಾಯ್ ಸಾಧು ಸ್ವಭಾವದ್ದು, ಕೆಲಸದಲ್ಲಿ ಸಾಧಾರಣ. ಅಮ್ಮ ಮೆಗ್‌ಳದು ಅತಿ ತೀಕ್ಷ್ಣವಾದ ಕಣ್ಣು, ಆದರೆ ಅಂಜುಬುರುಕಿ. ಮಗನಲ್ಲಿ ಎರಡೂ ಹದವಾಗಿ ಬೆರೆತವು. ಬೊಗಳದೆ, ಕಚ್ಚದೆ ಕುರಿಗಳನ್ನು ನಡೆಸುತ್ತಿದ್ದ ಹೆಂಪ್‌ನ ಮರಿಗಳಿಗಾಗಿ ರೈತರು ಮುಗಿಬಿದ್ದರು. ಅದು 1901ರಲ್ಲಿ ಸತ್ತಿತು. ಇಂದಿನ ಬಾರ್ಡರ್ ಕೋಲಿಗಳ ವಂಶವೃಕ್ಷ ಹಿಡಿದು ಹೋದರೆ ಹೆಚ್ಚುಕಮ್ಮಿ ಎಲ್ಲವೂ ಅದನ್ನೇ ಮುಟ್ಟುತ್ತವೆ.

1906ರಲ್ಲಿ ಅಂತರರಾಷ್ಟ್ರೀಯ ಕುರಿನಾಯಿ ಸಂಘ ಹುಟ್ಟಿತು. ಅದರ ಕಾರ್ಯದರ್ಶಿ ಜೇಮ್ಸ್ ರೀಡ್ 1915ರಲ್ಲಿ ‘ಬಾರ್ಡರ್ ಕೋಲಿ’ ಎಂಬ ಹೆಸರನ್ನು ಬಳಕೆಗೆ ತಂದರು. ಕಿವಿ ನಿಮಿರಿದೆಯೇ, ಬಣ್ಣ ಯಾವುದು ಎಂಬುದು ಆ ಸಂಘಕ್ಕೆ ಮುಖ್ಯವಾಗಿರಲಿಲ್ಲ. ಮುಖ್ಯವಾದದ್ದು ಕೆಲಸ. ಬ್ರಿಟನ್ನಿನ ಕೆನೆಲ್ ಕ್ಲಬ್ ಈ ತಳಿಗೆ ಮಾನ್ಯತೆ ಕೊಟ್ಟದ್ದು 1976ರಲ್ಲಿ. 1995ರಲ್ಲಿ ಅಮೆರಿಕದಲ್ಲೂ ಮಾನ್ಯತೆ ಸಿಕ್ಕಾಗ ಅಲ್ಲಿನ ಕುರಿಗಾಹಿಗಳು ಸಂತೋಷಪಡಲಿಲ್ಲ, ಪ್ರತಿಭಟಿಸಿದರು. ಅಂದಕ್ಕಾಗಿ ಸಾಕತೊಡಗಿದರೆ ಕೆಲಸದ ಗುಣ ಕೆಡುತ್ತದೆ ಎಂಬುದು ಅವರ ಆತಂಕ.

ನಾಯಿಯನ್ನು ಕೆಲಸದಿಂದ ಅಳೆಯುವುದು ಕನ್ನಡಿಗರಿಗೂ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ 10ನೆಯ ಶತಮಾನದ ಶಾಸನವನ್ನೇ ನೋಡಿ. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನ ಕಡೆಯ ವೀರ ಮಣಲೆರ ಪರಾಕ್ರಮ ತೋರಿದಾಗ ಅರಸ ಮೆಚ್ಚಿ ಬೇಕಾದದ್ದು ಕೇಳು ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದಿಗೆ ಕಾದಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ದತ್ತಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಮತ್ತೆ ಗಡಿನಾಡಿಗೆ ಬರೋಣ. ಕುರಿಗಳನ್ನು ಪ್ರದಕ್ಷಿಣೆಯಾಗಿ ಸುತ್ತಲು ‘ಕಮ್ ಬೈ’, ಅಪ್ರದಕ್ಷಿಣೆಯಾಗಿ ಸುತ್ತಲು ‘ಅವೇ’ ಎನ್ನುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು ‘ದಟ್ ವಿಲ್ ಡೂ’, ಅಂದರೆ ‘ಸಾಕು, ಬಾ’. ಆ ಮಾತು ಬಿದ್ದೊಡನೆ ನಾಯಿ ಕೆಲಸ ಬಿಟ್ಟು ಹಿಂದಿರುಗಬೇಕು. ಕೆಲಸ ಶುರು ಮಾಡುವುದನ್ನು ಈ ತಳಿಗೆ ಹೆಚ್ಚು ಹೇಳಿಕೊಡಬೇಕಾಗಿಲ್ಲ. ನಿಲ್ಲಿಸುವುದನ್ನು ಕಲಿಸಬೇಕು. ಈಗ ಅಪಾರ್ಟ್‌ಮೆಂಟಿನ ನಾಯಿಯನ್ನು ನೋಡಿ. ಗುಡ್ಡವಿಲ್ಲ, ಕುರಿಯಿಲ್ಲ, ಹೇಳುವ ಕುರಿಗಾಹಿಯೂ ಇಲ್ಲ. ಅದು ತನ್ನ ಹಿಂಡನ್ನು ತಾನೇ ಹುಡುಕಿಕೊಳ್ಳುತ್ತದೆ: ಸೈಕಲ್, ಸ್ಕೂಟರ್, ಓಡುವ ಮಕ್ಕಳು, ಗೋಡೆಯ ಮೇಲಿನ ನೆರಳು.

ಚುಕ್ಕಿಗೆ ನಾವು ಮೊದಲು ಕಲಿಸಿದ್ದೇ ‘ಸಾಕು’ ಎಂಬ ಮಾತು. ಅವಳ ದಟ್ಟ ಕೂದಲಿಗೆ ನಮ್ಮ ಬಿಸಿಲು ಆಗದು, ಹಾಗಾಗಿ ಬೆಳಿಗ್ಗೆ ಬೇಗ ಒಂದು ಗಂಟೆ, ಸಂಜೆ ಬಿಸಿಲು ತಗ್ಗಿದ ಮೇಲೆ ಇನ್ನೊಂದು ಗಂಟೆ ನಡಿಗೆ. ಮಧ್ಯೆ ಹತ್ತು-ಹದಿನೈದು ನಿಮಿಷ ತಲೆಗೆ ಕೆಲಸ: ಚಪಾತಿ ಚೂರು ಬಚ್ಚಿಟ್ಟು ಹುಡುಕಿಸುವುದು, ಹೆಸರು ಹೇಳಿ ಆಟಿಕೆ ತರಿಸುವುದು. ಅಮೆರಿಕದ ನಿವೃತ್ತ ಪ್ರಾಧ್ಯಾಪಕ ಜಾನ್ ಪಿಲ್ಲಿ ತಮ್ಮ ಚೇಸರ್ ಎಂಬ ಬಾರ್ಡರ್ ಕೋಲಿಗೆ 3 ವರ್ಷಗಳಲ್ಲಿ 1,022 ಆಟಿಕೆಗಳ ಹೆಸರು ಕಲಿಸಿದರು. ಆ ವರದಿ 2011ರಲ್ಲಿ ಪ್ರಕಟವಾದಾಗ ಎಲ್ಲರೂ ನಾಯಿಯ ಬುದ್ಧಿಯನ್ನು ಕೊಂಡಾಡಿದರು. ದಿನಕ್ಕೆ ನಾಲ್ಕೈದು ಗಂಟೆ ಅದರ ಜೊತೆ ಕೂತವರ ತಾಳ್ಮೆಯನ್ನು ಗಮನಿಸಿದವರು ಕಡಿಮೆ. ನಮ್ಮ ಚುಕ್ಕಿಗೆ ಬರುವುದು ಹದಿನೇಳು ಹೆಸರು. ಆದರೂ ಸೈಕಲ್ ಕಂಡಾಗ ನಿಂತು, ನನ್ನ ಮುಖ ನೋಡಿ, ‘ಸಾಕು’ ಎಂದರೆ ಮುಂದೆ ನಡೆಯುವಷ್ಟಾಗಿದ್ದಾಳೆ. ಅದಕ್ಕೆ ಎಂಟು ತಿಂಗಳು ಹಿಡಿಯಿತು.

ಬ್ರಿಟನ್ನಿನಲ್ಲಿ ಬಿಬಿಸಿ 1976ರಿಂದ ಕುರಿನಾಯಿ ಸ್ಪರ್ಧೆಯ ಕಾರ್ಯಕ್ರಮವೊಂದನ್ನು ಪ್ರಸಾರ ಮಾಡಿತು. ಅದರ ಹೆಸರಿನ ಅರ್ಥವೇ ‘ಒಬ್ಬ ಗಂಡಸು ಮತ್ತು ಅವನ ನಾಯಿ’. 1990ರಲ್ಲಿ ಅದನ್ನು ಕೇಟಿ ಕ್ರಾಪರ್ ಎಂಬ ಮಹಿಳೆ ಗೆದ್ದರು! ನಮ್ಮ ಮನೆಗಳಲ್ಲಿ ಮಕ್ಕಳು ಹಟ ಹಿಡಿಯುತ್ತಾರೆ, ಯಜಮಾನರು ದುಡ್ಡು ಕೊಡುತ್ತಾರೆ, ಮುಂಜಾನೆ ಐದೂವರೆಗೆ ಬೆಲ್ಟ್ ಹಿಡಿದು ಹೊರಡುವವರು ಮಾತ್ರ ಹೆಚ್ಚಾಗಿ ಹೆಂಗಸರು. ಆದ್ದರಿಂದ ಮರಿ ತರುವ ಮಾತು ಬಂದಾಗ ಬೆಲೆಯನ್ನೂ ಬಣ್ಣವನ್ನೂ ವಿಚಾರಿಸುವ ಮೊದಲು ಎಲ್ಲರನ್ನೂ ಕೂರಿಸಿ ಕೇಳಿ: ದಿನಕ್ಕೆ ಎರಡು ಗಂಟೆ, ಮುಂದಿನ ಹನ್ನೆರಡು-ಹದಿನೈದು ವರ್ಷ, ಯಾರು ಕೊಡುತ್ತೀರಿ? ಹೆಸರು ಹಿಡಿದು ಉತ್ತರ ಬಂದರೆ ಮಾತ್ರ ಮರಿ ತನ್ನಿ. ಇಲ್ಲವಾದರೆ ಬೇಡ ಎನ್ನುವುದೇ ಆ ಜೀವಕ್ಕೆ ಮಾಡುವ ಉಪಕಾರ.