ಚೀಲದ ಮೇಲಿನ ಸಿರಿ: ಸಿದ್ದಾಪುರ ಸೀಮೆಯ ಅಕ್ಕಿಯೂ ಅದರ ಜಾಹೀರಾತೂ

ಗಂಗಾವತಿಯಿಂದ ಕಾರಟಗಿಯತ್ತ ಸಾಗುವ ಹೆದ್ದಾರಿಯಲ್ಲಿರುವ ಸಿದ್ದಾಪುರ ಇಂದು ಭತ್ತ ಮತ್ತು ಅಕ್ಕಿ ಗಿರಣಿಗಳ ಸೀಮೆಗೆ ಸೇರಿದ ಊರಾಗಿದ್ದರೂ, 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಕಾಲುವೆಗೆ ಹರಿಯುವ ಮುನ್ನ ಇಲ್ಲಿನ ಹೊಲಗಳು ಜೋಳ, ಸಜ್ಜೆ, ನವಣೆಗಳ ಹೊಲಗಳಾಗಿದ್ದವು. ವಿಜಯನಗರ ಕಾಲದ ಕಾಲುವೆಗಳುಳ್ಳ ಆನೆಗೊಂದಿಯಂತಹ ನದಿತೀರದ ನೆಲವನ್ನು ಬಿಟ್ಟರೆ ಭತ್ತ ಅಪರೂಪ. ರೊಟ್ಟಿಯೇ ನಿತ್ಯದ ಊಟವಾಗಿದ್ದ ಮನೆಗಳಲ್ಲಿ ಬಿಳಿ ಅನ್ನವೆಂದರೆ ಹಬ್ಬ, ಮದುವೆ, ಬೀಗರ ಊಟ. ಅಂಥ ಪದಾರ್ಥವನ್ನು ಯಾರೂ ಹೊಗಳಿ ಮಾರಬೇಕಿರಲಿಲ್ಲ.

ಯೋಜನೆ ರೂಪಿಸಿದವರ ಲೆಕ್ಕದಲ್ಲಿ ಎಡದಂಡೆ ಕಾಲುವೆಯ ನೀರು ಬಹುಪಾಲು ‘ಮಿತ ನೀರಾವರಿ’ಗೆ, ಅಂದರೆ ಕಡಿಮೆ ನೀರಿನಲ್ಲಿ ಬರುವ ಜೋಳ, ಹತ್ತಿ, ಶೇಂಗಾದಂತಹ ಬೆಳೆಗಳಿಗೆ ಮೀಸಲಾಗಿತ್ತು. ಆದರೆ ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದು, ಇಲ್ಲಿ ಜಮೀನು ಕೊಂಡು, ‘ಕ್ಯಾಂಪ್’ ಎಂದು ಕರೆಯಲಾಗುವ ವಸತಿಗಳಲ್ಲಿ ನೆಲೆಸಿದ ರೈತರು ಭತ್ತವನ್ನೇ ನೆಚ್ಚಿದರು, ಸ್ಥಳೀಯರೂ ಅದೇ ದಾರಿ ಹಿಡಿದರು. ಮೇಲ್ಭಾಗ ಹೀಗೆ ಹಸಿರಾದಷ್ಟೂ ಕಾಲುವೆಯ ಕೊನೆಯಲ್ಲಿರುವ ರಾಯಚೂರು ಕಡೆಯ ರೈತರಿಗೆ ನೀರು ಸಾಲದಾಯಿತು. ಚೀಲದ ಮೇಲಿನ ಬಣ್ಣದ ಚಿತ್ರಗಳ ಕಥೆಯಲ್ಲಿ ಈ ನೀರಿನ ತಕರಾರು ಕಾಣಿಸಿಕೊಳ್ಳುವುದಿಲ್ಲ, ಆದರೂ ಆ ಕಥೆಯ ಬುಡ ಇರುವುದು ಅಲ್ಲಿಯೇ.

ಭತ್ತ ಹೇರಳವಾದ ಮೇಲೆ ಗಿರಣಿಯವರ ಮುಂದಿದ್ದ ಪ್ರಶ್ನೆ ಬೇರೆ: ಎಲ್ಲರ ತಟ್ಟೆಗೂ ಬಂದ ಅನ್ನದಲ್ಲಿ ಹಿಂದಿನ ಅಪರೂಪವನ್ನು ಮತ್ತೆ ತುಂಬುವುದು ಹೇಗೆ? ಉತ್ತರದ ಮೊದಲ ಭಾಗವನ್ನು ಯಂತ್ರಗಳು ಒದಗಿಸಿದವು. ಒನಕೆಯ ಕುಟ್ಟಕ್ಕಿಯಲ್ಲಿ ಉಳಿಯುತ್ತಿದ್ದ ತೌಡನ್ನು, ಅಂದರೆ ಕಾಳಿನ ಮೇಲಿನ ಪೌಷ್ಟಿಕ ಪೊರೆಯನ್ನು, ಪಾಲಿಶ್ ಯಂತ್ರ ಉಜ್ಜಿ ತೆಗೆಯಿತು. ಕಾಳುಗಳ ಬಣ್ಣವನ್ನು ಕ್ಯಾಮೆರಾದಿಂದ ಗುರುತಿಸಿ ಕಪ್ಪು, ಹಳದಿ ಕಾಳುಗಳನ್ನು ಗಾಳಿಯ ಹೊಡೆತದಿಂದ ಹೊರಹಾಕುವ ‘ಸಾರ್ಟೆಕ್ಸ್’ ಯಂತ್ರ ಉಳಿದ ಕೆಲಸ ಮುಗಿಸಿತು. ಬಿ ಜೀವಸತ್ವದ ಬಹುಪಾಲು ತೌಡಿನ ಜೊತೆಗೆ ಹೋದರೂ, ಒಂದೂ ಮಚ್ಚೆಯಿಲ್ಲದ ಬಿಳುಪೇ ಸಿರಿವಂತಿಕೆಯ ಗುರುತಾಗಿ, ಯಂತ್ರದ ಹೆಸರೇ ಚೀಲದ ಮೇಲೆ ಹೊಗಳಿಕೆಯ ಮಾತಾಗಿ ಅಚ್ಚಾಯಿತು.

ಎರಡನೆಯ ಭಾಗ ಚೀಲದ್ದೇ. ಗೋಣಿಚೀಲದಲ್ಲಿ ತೂಗಿ ಮಾರುತ್ತಿದ್ದ ಅಕ್ಕಿ ಬಣ್ಣದ ಪ್ಲಾಸ್ಟಿಕ್ ಚೀಲಕ್ಕೆ ಬಂದಾಗ ಕಮಲ, ಕಿರೀಟ, ವಜ್ರ, ಲಕ್ಷ್ಮಿ, ಗಣಪತಿಯರೂ ಜೊತೆಗೆ ಬಂದರು. ಚೀಲದ ಚಿತ್ರದಲ್ಲಿ ಅನ್ನ ಉದುರುದುರಾಗಿ, ಆವಿಯಾಡುತ್ತ ಕಾಣುತ್ತದೆ. ಅದು ಬೆಳೆದ ಕೆಸರಿನ ಗದ್ದೆಗಾಗಲಿ ನಾಟಿ ಹಚ್ಚಿದ ಹೆಣ್ಣಾಳುಗಳಿಗಾಗಲಿ ಅಲ್ಲಿ ಜಾಗವಿರುವುದು ಕಡಿಮೆ. ಸೋನಾ ಮಸೂರಿ ಎಂಬ ಹೆಸರೂ ತಳಿಗಿಂತ ಹೆಚ್ಚಾಗಿ ಅಂತಸ್ತನ್ನು ಸೂಚಿಸತೊಡಗಿತು: ಆಂಧ್ರದ ಬಾಪಟ್ಲಾ ಸಂಶೋಧನಾ ಕೇಂದ್ರದಿಂದ 1986ರಲ್ಲಿ ಹೊರಬಂದ, ಸಾಂಬಾ ಮಸೂರಿ ಎಂಬುದೇ ನಿಜ ಹೆಸರಾದ ಬಿಪಿಟಿ 5204 ಕೂಡ ಪೇಟೆಯಲ್ಲಿ ಅದೇ ಹೆಸರಿನ ಆಶ್ರಯ ಪಡೆಯಿತು. 2013ರಲ್ಲಿ ಅನ್ನಭಾಗ್ಯ ಯೋಜನೆ ಬಡವರ ಮನೆಗೆ ಕಿಲೋಗೆ ಒಂದು ರೂಪಾಯಿಯಂತೆ ಅಕ್ಕಿ ತಲುಪಿಸಿದ ಮೇಲಂತೂ ಉಣ್ಣುವುದು ಅನ್ನವೋ ಅಲ್ಲವೋ ಎಂಬ ಹಳೆಯ ಭೇದ ಅಳಿದು, ಪಡಿತರದ ಅಕ್ಕಿಯೋ ಪೇಟೆಯ ಸಣ್ಣಕ್ಕಿಯೋ ಎಂಬ ಹೊಸ ಭೇದ ತಲೆಯೆತ್ತಿತು.

ತೆರಿಗೆ ಈ ಕಥೆಗೆ ಒಂದು ವಿನೋದದ ತಿರುವು ಕೊಟ್ಟಿತು. 2017ರಲ್ಲಿ ನೋಂದಾಯಿತ ಬ್ರ್ಯಾಂಡಿನ ಅಕ್ಕಿಗೆ ಶೇ 5ರ ಜಿಎಸ್‌ಟಿ ಬಂದಾಗ, ದಶಕಗಳಿಂದ ಗಳಿಸಿದ ಹೆಸರೇ ವ್ಯಾಪಾರಿಗೆ ಹೊರೆಯಾಯಿತು. 2022ರ ಜುಲೈ 18ರಿಂದ ಬ್ರ್ಯಾಂಡ್ ಇರಲಿ ಬಿಡಲಿ, 25 ಕಿಲೋವರೆಗಿನ ಲೇಬಲ್ ಹಚ್ಚಿದ ಪೊಟ್ಟಣಗಳೆಲ್ಲಕ್ಕೂ ಅದೇ ತೆರಿಗೆ ತಗುಲಿದಾಗ, 26 ಕಿಲೋ ಚೀಲಗಳು ಅಂಗಡಿಗಳನ್ನು ತುಂಬಿದವು. ಆ ಹೆಚ್ಚುವರಿ ಒಂದು ಕಿಲೋ ಗ್ರಾಹಕನ ಮೇಲಿನ ಪ್ರೀತಿಯಿಂದ ಬಂದದ್ದಲ್ಲ.

ಈಚಿನ ವರ್ಷಗಳಲ್ಲಿ ಆಮಿಷದ ಸ್ವರೂಪವೇ ಬದಲಾಗುತ್ತಿದೆ. ಹೈದರಾಬಾದಿನ ರಾಜೇಂದ್ರನಗರದಲ್ಲಿ ರೂಪುಗೊಂಡು ಈ ಸೀಮೆಯ ಗದ್ದೆಗಳಿಗೂ ಬಂದಿರುವ ಆರ್‌ಎನ್‌ಆರ್ 15048 ತಳಿಯ ಗ್ಲೈಸೆಮಿಕ್ ಸೂಚ್ಯಂಕ, ಅಂದರೆ ಆಹಾರವು ರಕ್ತದ ಸಕ್ಕರೆಯನ್ನು ಏರಿಸುವ ವೇಗದ ಅಳತೆ, ಕಡಿಮೆಯೆಂದು ಅದನ್ನು ಸಕ್ಕರೆ ಕಾಯಿಲೆಯವರ ಅಕ್ಕಿಯೆಂದು ಮಾರಲಾಗುತ್ತಿದೆ. ಅದೂ ಪಿಷ್ಟ ತುಂಬಿದ ಅಕ್ಕಿಯೇ, ಎಷ್ಟು ಉಂಡರೂ ಸರಿಯೆಂಬ ಭರವಸೆಗೆ ಆಧಾರವಿಲ್ಲ. ಒಂದು ಕಾಲಕ್ಕೆ ಬಡವರ ಊಟವೆಂದು ಬದಿಗೆ ಸರಿದಿದ್ದ ನವಣೆಯೋ ಈಗ ‘ಸಿರಿಧಾನ್ಯ’ವೆಂಬ ಹೆಸರಿನಲ್ಲಿ, ಸಣ್ಣ ಪೊಟ್ಟಣಗಳಲ್ಲಿ, ಸೋನಾ ಮಸೂರಿಗಿಂತ ಹೆಚ್ಚಿನ ಬೆಲೆಗೆ ನಗರದ ಅಂಗಡಿಗಳಲ್ಲಿ ಮಾರಾಟವಾಗುತ್ತಿದೆ.