ಬಾಗಿಲ ಹೊರಗಿನ ಮಾತು

೧೮೧೧ನೆಯ ಇಸವಿಯಲ್ಲಿ ಪ್ಯಾರಿಸ್ ನಗರದ ಒಂದು ಮನೆಗೆ ದ್ಯುಬ್ವಾ ಎಂಬ ಪ್ರಸಿದ್ಧ ವೈದ್ಯರು ಬಂದರು. ರೋಗಿ ಫ್ಯಾನಿ ಬರ್ನಿ. ಇಂಗ್ಲಿಷಿನಲ್ಲಿ ಕಾದಂಬರಿಗಳನ್ನು ಬರೆದು ಹೆಸರಾಗಿದ್ದ ಆಕೆ ಫ್ರೆಂಚ್ ಸೇನಾಧಿಕಾರಿಯೊಬ್ಬರ ಕೈಹಿಡಿದು ಆ ಊರಿನಲ್ಲಿದ್ದರು. ಎದೆಯಲ್ಲಿ ಗಡ್ಡೆ ಕಾಣಿಸಿಕೊಂಡಿತ್ತು. ವೈದ್ಯರು ಪರೀಕ್ಷೆ ಮಾಡಿ, ಶಾಂತವಾಗಿರಬೇಕು, ಚಿಂತೆ ಹಚ್ಚಿಕೊಳ್ಳಬಾರದು ಎಂದು ಮತ್ತೆ ಮತ್ತೆ ಹೇಳಿದರು. ಅಷ್ಟು ಸಲ ಹೇಳಿದ್ದರಿಂದಲೇ ಆಕೆಗೆ ಚಿಂತೆ ಹತ್ತಿತು. ಆಮೇಲೆ ವೈದ್ಯರು ಪುಸ್ತಕದ ಕೋಣೆಯಲ್ಲಿ ಗಂಡನೊಡನೆ ಪ್ರತ್ಯೇಕವಾಗಿ ಮಾತನಾಡಿ ಹೊರಟುಹೋದರು. ಗಂಡ ಮಾತ್ರ ಹೆಂಡತಿಯ ಬಳಿಗೆ ಬರಲಿಲ್ಲ. ತಡೆಯಲಾರದೆ ಆಕೆಯೇ ಕರೆಸಿಕೊಂಡರು. ಬಂದವರ ಬಾಯಿ ಸಮಾಧಾನ ಹೇಳಿತು. ಮುಖ ನಿಜವನ್ನು ಹೇಳಿಬಿಟ್ಟಿತು.

ಆ ವರ್ಷದ ಸೆಪ್ಟೆಂಬರ್ ೩೦ರಂದು ಶಸ್ತ್ರಕ್ರಿಯೆ ನಡೆಯಿತು. ಪ್ರಜ್ಞೆ ತಪ್ಪಿಸುವ ಔಷಧಿಗಳಿಲ್ಲದ ಕಾಲ. ಕತ್ತಿ ಹಿಡಿದವರು ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಲಾರೆ. ಆಕೆ ಬದುಕಿಕೊಂಡರು; ೧೮೪೦ರವರೆಗೆ, ೮೭ ವರ್ಷ ತುಂಬಿಸಿದರು. ಇದೆಲ್ಲವನ್ನೂ ಅಕ್ಕನಿಗೆ ಬರೆದ ಉದ್ದನೆಯ ಕಾಗದದಲ್ಲಿ ಕತ್ತಿಯ ನೋವಿನೊಡನೆ ಆ ಪುಸ್ತಕದ ಕೋಣೆಯ ಪ್ರಸಂಗವನ್ನೂ ಮರೆಯದೆ ಸೇರಿಸಿದ್ದಾರೆ. ಅದನ್ನು ಓದಿದಾಗ ನಮ್ಮಲ್ಲಿ ಅನೇಕರಿಗೆ ತಮಗೆ ಪರಿಚಯವಿರುವ ಯಾವುದಾದರೊಂದು ಆಸ್ಪತ್ರೆಯ ವರಾಂಡ ನೆನಪಾಗದಿರದು.

ರೋಗಿಗೆ ಸಮಾಧಾನ, ಮನೆಯವರಿಗೆ ಸತ್ಯ: ಈ ಪದ್ಧತಿಯನ್ನು ದ್ಯುಬ್ವಾ ಹೊಸದಾಗಿ ಕಂಡುಹಿಡಿದವರಲ್ಲ. ಗ್ರೀಕರ ಹಿಪ್ಪೊಕ್ರೇಟಿಸನ ಹೆಸರಿನಲ್ಲಿ ಬಂದಿರುವ ಗ್ರಂಥಗಳಲ್ಲೊಂದು, ರೋಗಿಗೆ ಮುಂದಾಗುವುದನ್ನು ತಿಳಿಸದೆ ಹೆಚ್ಚಿನ ಸಂಗತಿಗಳನ್ನು ಮರೆಮಾಡಬೇಕೆಂದು ವೈದ್ಯನಿಗೆ ಬುದ್ಧಿ ಹೇಳುತ್ತದೆ. ನಮ್ಮವರೂ ಹಿಂದೆ ಬಿದ್ದವರಲ್ಲ. ಚರಕ ಸಂಹಿತೆಯ ಇಂದ್ರಿಯಸ್ಥಾನದಲ್ಲಿ ಮರಣಸೂಚಕ ಚಿಹ್ನೆಗಳನ್ನು ವಿವರವಾಗಿ ಪಟ್ಟಿಮಾಡಿ, ಕೊನೆಯಲ್ಲಿ, ಇವನ್ನು ಕಂಡರೂ ಕೇಳದೆ ಹೇಳಬಾರದು, ಕೇಳಿದರೂ ರೋಗಿಗಾಗಲಿ ಇತರರಿಗಾಗಲಿ ಅದರಿಂದ ಆಘಾತವಾಗುವಂತಿದ್ದರೆ ಹೇಳಬಾರದು ಎಂದಿದೆ. ಇಲ್ಲೊಂದು ಸೂಕ್ಷ್ಮವುಂಟು. ಚರಕನು ಬಾಗಿಲ ಹೊರಗಿನವರ ಎದೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾನೆ. ೧೮೦೩ರಲ್ಲಿ ವೈದ್ಯಧರ್ಮವನ್ನು ಕುರಿತು ಪುಸ್ತಕ ಬರೆದ ಮ್ಯಾಂಚೆಸ್ಟರಿನ ಥಾಮಸ್ ಪರ್ಸಿವಲ್ ಹಾಗಲ್ಲ; ಅಪಾಯವಿದ್ದರೆ ಬಂಧುಮಿತ್ರರಿಗೆ ತಿಳಿಸಬೇಕು, ರೋಗಿಗೆ ತೀರ ಅನಿವಾರ್ಯವಾದರೆ ಮಾತ್ರ ಎಂದರು. ೧೮೪೭ರಲ್ಲಿ ಅಮೆರಿಕದ ವೈದ್ಯಸಂಘವು ತನ್ನ ನೀತಿಸಂಹಿತೆಯನ್ನು ರಚಿಸಿದಾಗ ಈ ಮಾತನ್ನು ಹೆಚ್ಚುಕಡಿಮೆ ಹಾಗೆಯೇ ಎತ್ತಿಕೊಂಡಿತು.

ಇದನ್ನು ಬರಿಯ ಕಪಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕೈಯಲ್ಲಿ ಬೇರೆ ಮದ್ದಿಲ್ಲದ ವೈದ್ಯನಿಗೆ ಧೈರ್ಯವೇ ಮದ್ದು. ಆದರೆ ಆ ಮದ್ದನ್ನು ಕುಡಿದವರಿಗೆ ಏನನ್ನಿಸಿತೆಂಬುದನ್ನು ವಿಚಾರಿಸಲು ಯಾರೂ ಹೋದಂತಿಲ್ಲ. ವಿಚಾರಿಸದೆಯೇ ಗಟ್ಟಿಯಾಗಿ ಹೇಳಿದವರೊಬ್ಬರಿದ್ದಾರೆ.

೧೯೨೩ರ ಏಪ್ರಿಲಿನಲ್ಲಿ ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್ ತಮ್ಮ ಬಾಯೊಳಗಿನ ಹುಣ್ಣನ್ನು ಮಿತ್ರರೂ ವೈದ್ಯರೂ ಆದ ಫೆಲಿಕ್ಸ್ ಡಾಯ್ಚ್ ಅವರಿಗೆ ತೋರಿಸಿದರು. ನೋಡಿದೊಡನೆಯೇ ಅದು ಕ್ಯಾನ್ಸರೆಂದು ಡಾಯ್ಚ್ ಅವರಿಗೆ ಹೊಳೆಯಿತು. ಆದರೂ, ಹೊಗೆ ಸೇದುವವರಿಗೆ ಬರುವ ಬಿಳಿಮಚ್ಚೆಯದು, ತೆಗೆಸಿಬಿಡಿ ಎಂದಷ್ಟೇ ಹೇಳಿದರು. ರೋಗಿಯೋ, ಮನುಷ್ಯನು ತನ್ನಿಂದ ತಾನೇ ಬಚ್ಚಿಡುವ ಸಂಗತಿಗಳನ್ನು ಹೊರಗೆಳೆಯುವುದನ್ನೇ ವೃತ್ತಿಯಾಗಿ ಮಾಡಿಕೊಂಡವರು. ಅಂಥವರಿಂದ ಅವರ ಬಾಯಲ್ಲಿದ್ದುದನ್ನೇ ಬಚ್ಚಿಡಲು ಹೊರಟದ್ದು ವಿಚಿತ್ರವೇ ಸರಿ. ಶಿಷ್ಯಮಂಡಲಿಗೆ ವಿಷಯ ತಿಳಿದಿತ್ತು, ಗುರುವಿಗೆ ತಿಳಿದಿರಲಿಲ್ಲ. ಆ ವರ್ಷವೇ ದವಡೆಯ ದೊಡ್ಡ ಶಸ್ತ್ರಕ್ರಿಯೆಯಾಗಬೇಕಾಗಿ ಬಂದಾಗ ಗುಟ್ಟು ಗುಟ್ಟಾಗಿ ಉಳಿಯಲಿಲ್ಲ. ಬಹಳ ವರ್ಷಗಳ ನಂತರ, ಲಂಡನ್ನಿನಲ್ಲಿ, ಆಗ ಏನು ಹೇಳಬೇಕು ಏನು ಬಿಡಬೇಕೆಂದು ತಾವೆಲ್ಲ ಸೇರಿ ಚರ್ಚಿಸಿದ್ದನ್ನು ಶಿಷ್ಯ ಅರ್ನೆಸ್ಟ್ ಜೋನ್ಸ್ ಬಾಯಿಬಿಟ್ಟರು. ಮುದುಕರ ಕಣ್ಣು ಕೆಂಡವಾಯಿತು. ಯಾವ ಹಕ್ಕಿನಿಂದ, ಎಂದು ಕೇಳಿದರು.

ಡಾಯ್ಚ್ ಅವರನ್ನು ಫ್ರಾಯ್ಡ್ ತಮ್ಮ ವೈದ್ಯರಾಗಿ ಇಟ್ಟುಕೊಳ್ಳಲಿಲ್ಲ. ಕೆಲವು ವರ್ಷಗಳ ಬಳಿಕ ಮ್ಯಾಕ್ಸ್ ಶೂರ್ ಎಂಬ ಯುವ ವೈದ್ಯರನ್ನು ಗೊತ್ತುಮಾಡಿಕೊಂಡಾಗ ಮೊದಲ ಭೇಟಿಯಲ್ಲೇ ಕರಾರು ಮಾಡಿಕೊಂಡರು: ತನಗೆ ಯಾವಾಗಲೂ ನಿಜವನ್ನೇ ಹೇಳಬೇಕು, ನಿಜವಲ್ಲದೆ ಬೇರೇನನ್ನೂ ಹೇಳಬಾರದು. ಅಂದು ಮಾತನಾಡಿದವರು ರೋಗಿ, ಕೇಳಿಸಿಕೊಂಡವರು ವೈದ್ಯರು. ಫ್ರಾಯ್ಡ್ ೧೯೩೯ರ ಸೆಪ್ಟೆಂಬರ್ ೨೩ರಂದು ತೀರಿಕೊಳ್ಳುವವರೆಗೂ ಶೂರ್ ಮಾತಿಗೆ ತಪ್ಪಲಿಲ್ಲ.

ಎಲ್ಲರಿಗೂ ಕರಾರು ಮಾಡಿಕೊಳ್ಳುವ ಅವಕಾಶವಿರುವುದಿಲ್ಲ. ೧೯೫೧ರಲ್ಲಿ ಆರ್ಜೆಂಟೀನದ ಅಧ್ಯಕ್ಷರ ಪತ್ನಿ ಇವಾ ಪೆರೋನ್ ಅವರಿಗೆ ಶಸ್ತ್ರಕ್ರಿಯೆ ಮಾಡಲು ನ್ಯೂಯಾರ್ಕಿನಿಂದ ಜಾರ್ಜ್ ಪ್ಯಾಕ್ ಎಂಬ ತಜ್ಞರನ್ನು ಕರೆಸಿದರು. ಆಕೆಗೆ ಪ್ರಜ್ಞೆ ತಪ್ಪಿಸಿದ ಮೇಲೆಯೇ ಅವರು ಕೋಣೆಯೊಳಗೆ ಬಂದರು, ಎಚ್ಚರವಾಗುವ ಮೊದಲೇ ಹೊರಟುಹೋದರು. ಇಲ್ಲಿ ವೈದ್ಯರಿಗೂ ರೋಗಿಗೂ ಭೇಟಿಯೇ ಆಗಲಿಲ್ಲ. ೧೯೮೯ರ ಜನವರಿಯಲ್ಲಿ ತೀರಿಕೊಂಡ ಜಪಾನಿನ ಚಕ್ರವರ್ತಿ ಹಿರೋಹಿಟೊ ಅವರಿಗೂ ರೋಗದ ಹೆಸರನ್ನು ತಿಳಿಸಿರಲಿಲ್ಲ. ಅರಮನೆಯೊಳಗೂ ವರಾಂಡ ಇರುತ್ತದೆ.

ರೋಗಿಗಳನ್ನು ವಿಚಾರಿಸುವ ಕೆಲಸ ಅಷ್ಟರಲ್ಲಿ ಅಮೆರಿಕದಲ್ಲಿ ಆರಂಭವಾಗಿತ್ತು. ಕೆಲಿ ಮತ್ತು ಫ್ರೀಸನ್ ಎಂಬವರು ೧೯೫೦ರಲ್ಲಿ ೧೦೦ ಮಂದಿ ಕ್ಯಾನ್ಸರ್ ರೋಗಿಗಳನ್ನು ಕೇಳಿದರು. ೮೯ ಮಂದಿ, ತಿಳಿದಿರುವುದೇ ಮೇಲು ಎಂದರು. ೧೯೬೧ರಲ್ಲಿ ಡೊನಾಲ್ಡ್ ಓಕನ್ ಇನ್ನೊಂದು ಕಡೆಯಿಂದ ಹೊರಟು, ಷಿಕಾಗೊದ ಆಸ್ಪತ್ರೆಯೊಂದರ ೨೧೯ ವೈದ್ಯರನ್ನು ಕೇಳಿದರು. ನೂರಕ್ಕೆ ಸುಮಾರು ೯೦ ಮಂದಿ, ಹೇಳದಿರುವುದೇ ತಮ್ಮ ಪದ್ಧತಿಯೆಂದರು. ಗಡ್ಡೆ, ಬೆಳವಣಿಗೆ ಮುಂತಾದ ಮೆತ್ತನೆಯ ಮಾತುಗಳಿಂದ ಕೆಲಸ ಸಾಗಿಸುತ್ತಿದ್ದರು. ಇದು ಅನುಭವದಿಂದ ಕಲಿತ ಪಾಠವೆಂದು ಹಲವರು ಹೇಳಿಕೊಂಡರೂ, ಕೆದಕಿ ನೋಡಿದರೆ ವೃತ್ತಿಗೆ ಕಾಲಿಟ್ಟ ದಿನದಿಂದಲೂ ಅವರದು ಅದೇ ಪದ್ಧತಿ. ನಿಮಗೇ ಈ ರೋಗ ಬಂದರೆ ಎಂದು ಕೇಳಿದಾಗ ಮಾತ್ರ ಅರ್ಧಕ್ಕಿಂತ ಹೆಚ್ಚು ಮಂದಿ, ತಮಗೆ ತಿಳಿಸಬೇಕು ಎಂದರಂತೆ!

ಮುಂದಿನ ಹದಿನೆಂಟು ವರ್ಷಗಳಲ್ಲಿ ಗಾಳಿ ಪೂರ್ತಿ ತಿರುಗಿತು. ೧೯೭೯ರಲ್ಲಿ ನೋವಾಕ್ ಮತ್ತು ಸಂಗಡಿಗರು ರೋಚೆಸ್ಟರಿನಲ್ಲಿ ಅದೇ ಪ್ರಶ್ನೆಗಳನ್ನು ಹಾಕಿದಾಗ ನೂರಕ್ಕೆ ೯೭ ವೈದ್ಯರು, ಹೇಳುತ್ತೇವೆ ಎಂದರು. ವೈದ್ಯರ ಹೃದಯ ದಿಢೀರನೆ ಬದಲಾಯಿತೆಂದು ನನಗನ್ನಿಸುವುದಿಲ್ಲ. ಬದಲಾದದ್ದು ಚಿಕಿತ್ಸೆ. ವಾರವಾರವೂ ಬಂದು ಔಷಧಿ ಏರಿಸಿಕೊಳ್ಳಬೇಕು, ಕಿರಣಗಳೆದುರು ಮಲಗಬೇಕು, ಕೂದಲುದುರಿದರೂ ತಾಳಬೇಕು. ಸಾಧಾರಣ ಗಡ್ಡೆಗೆ ಇಷ್ಟೆಲ್ಲ ಏಕೆಂದು ರೋಗಿ ಕೇಳದಿರುತ್ತಾನೆಯೆ? ನ್ಯಾಯಾಲಯಗಳೂ ನಡುವೆ ಬಂದವು. ಎದೆಯ ಕ್ಯಾನ್ಸರಿಗೆ ಕೋಬಾಲ್ಟ್ ಕಿರಣ ಹಾಯಿಸಿಕೊಂಡು ಸುಟ್ಟಗಾಯಗಳಾದ ಮಹಿಳೆಯೊಬ್ಬರ ಮೊಕದ್ದಮೆಯಲ್ಲಿ, ಅಪಾಯವನ್ನು ಮೊದಲೇ ವಿವರಿಸುವುದು ವೈದ್ಯರ ಕರ್ತವ್ಯವೆಂದು ಕಾನ್ಸಾಸ್ ರಾಜ್ಯದ ಉಚ್ಚ ನ್ಯಾಯಪೀಠ ೧೯೬೦ರಲ್ಲಿ ತೀರ್ಪಿತ್ತಿತು.

ಹೇಳಬೇಕೆಂದಾಯಿತು, ಹೇಳುವುದು ಹೇಗೆ? ಟೊರಾಂಟೊದಲ್ಲಿದ್ದ ರಾಬರ್ಟ್ ಬಕ್ಮನ್ ಕ್ಯಾನ್ಸರ್ ವೈದ್ಯರು, ಹಾಸ್ಯಗಾರರೆಂದೂ ಹೆಸರಾದವರು. ಕೆಟ್ಟ ಸುದ್ದಿ ತಿಳಿಸುವ ಬಗೆಯನ್ನು ಕುರಿತು ೧೯೯೨ರಲ್ಲಿ ಪುಸ್ತಕ ಬರೆದರು. ೨೦೦೦ದಲ್ಲಿ ಹ್ಯೂಸ್ಟನ್ನಿನ ವಾಲ್ಟರ್ ಬೈಲ್ ಮೊದಲಾದವರೊಡನೆ ಆರು ಮೆಟ್ಟಿಲುಗಳ ಕ್ರಮವೊಂದನ್ನು ಪ್ರಕಟಿಸಿದರು. ಮರೆಯಾದ ಜಾಗದಲ್ಲಿ ಕುಳಿತುಕೊಂಡು ಮಾತನಾಡಬೇಕು ಎಂಬುದು ಅದರ ಮೊದಲ ಮೆಟ್ಟಿಲು. ಕುಳಿತುಕೊಳ್ಳಿ ಎಂದು ವೈದ್ಯರಿಗೆ ಕಲಿಸಬೇಕಾಗಿ ಬಂದದ್ದು ನಗುವ ಸಂಗತಿಯೋ ಅಳುವ ಸಂಗತಿಯೋ! ರೋಗಿಗೆ ಈಗಾಗಲೇ ತಿಳಿದಿರುವುದೇನೆಂದು ಕೇಳುವುದು ಎರಡನೆಯದು. ಮೂರನೆಯದೇ ಮುಖ್ಯ: ಎಷ್ಟು ತಿಳಿಯಲು ನಿಮಗೆ ಇಷ್ಟ ಎಂದು ರೋಗಿಯನ್ನೇ ಕೇಳುವುದು. ಬೇಡವೆನ್ನುವವರೂ ಉಂಟು, ಆದರೆ ಬೇಡವೆನ್ನುವ ಅಧಿಕಾರ ಇಲ್ಲಿ ಮಗನದಲ್ಲ, ಅಳಿಯನದಲ್ಲ. ವಿಷಯ ತಿಳಿಸುವುದು, ಕಣ್ಣೀರಿಗೆ ಎಡೆಗೊಡುವುದು, ಮುಂದಿನ ದಾರಿ ಗೊತ್ತುಮಾಡುವುದು ಉಳಿದ ಮೂರು.

ನಮ್ಮಲ್ಲಿ ಕ್ಯಾನ್ಸರಿಗೆಂದೇ ಬೊಂಬಾಯಿಯ ಟಾಟಾ ಸ್ಮಾರಕ ಆಸ್ಪತ್ರೆ ೧೯೪೧ರಲ್ಲಿಯೂ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ ೧೯೭೩ರಲ್ಲಿಯೂ ಬಾಗಿಲು ತೆರೆದವು. ‘ಕಿದ್ವಾಯಿಗೆ ತೋರಿಸುತ್ತಿದ್ದಾರಂತೆ’ ಎಂದರೆ ಸಾಕು, ರೋಗದ ಹೆಸರನ್ನು ಬೇರೆ ಹೇಳಬೇಕಾಗಿಲ್ಲ. ಹೀಗೆ ಆಸ್ಪತ್ರೆಯ ಹೆಸರೇ ರೋಗದ ಹೆಸರಾಗಿರುವ ಊರಿನಲ್ಲಿಯೂ, ಚೀಟಿ ಬರೆಸಿ ಒಳಗೆ ಹೋಗುವ ಮುನ್ನ ಮನೆಯವರಲ್ಲೊಬ್ಬರು ವೈದ್ಯರನ್ನು ಪಕ್ಕಕ್ಕೆ ಕರೆದು, “ಅವರಿಗೆ ಮಾತ್ರ ಹೇಳಬೇಡಿ, ಸಾರ್” ಎನ್ನುವುದು ನಿಂತಿಲ್ಲ.

ಹಾಗೆ ಹೇಳಿದವರಲ್ಲಿ ನಾನೂ ಒಬ್ಬ. ನಮ್ಮ ಸೋದರತ್ತೆಯನ್ನು ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದಾಗ ಅತ್ತೆಯ ಮಗ ಕಣ್ಣೊರೆಸಿಕೊಳ್ಳುತ್ತಿದ್ದ. ಮಾತನಾಡುವ ಕೆಲಸ ನನ್ನ ಪಾಲಿಗೆ ಬಂತು. ವೈದ್ಯರು ಒಂದು ಕ್ಷಣ ನನ್ನ ಮುಖ ನೋಡಿ, ಆಗಲಿ ಎಂದರು. ಅತ್ತೆಗೆ ಹೊಟ್ಟೆಯಲ್ಲಿ ಹುಣ್ಣು ಎಂದು ಹೇಳಲಾಯಿತು. ಆಕೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ದಾರಿಯಲ್ಲಿ ನಮಗೇ ಕಾಫಿ ಕುಡಿಯಿರೆಂದು ಒತ್ತಾಯಮಾಡಿದರು. ಮುಂದಿನ ಏಳು ತಿಂಗಳಲ್ಲಿ ನಾವೂ ಆ ಮಾತೆತ್ತಲಿಲ್ಲ, ಆಕೆಯೂ ಎತ್ತಲಿಲ್ಲ; ನಮ್ಮ ಉಪಾಯ ಫಲಿಸಿತೆಂದೇ ಅಂದುಕೊಂಡಿದ್ದೆವು. ಹದಿಮೂರನೆಯ ದಿನ ಕಳೆದ ಮೇಲೆ ಅವರ ಬೀರು ತೆಗೆದರೆ, ಬೆಳ್ಳಿಯ ಪಾತ್ರೆಗಳೂ ಸೀರೆಗಳೂ ಬೇರೆ ಬೇರೆ ಗಂಟುಗಳಾಗಿದ್ದವು. ಗಂಟಿಗೊಂದು ಚೀಟಿ, ಚೀಟಿಯಲ್ಲಿ ಹೆಣ್ಣುಮಕ್ಕಳದೂ ಸೊಸೆಯದೂ ಹೆಸರು. ಅತ್ತೆ ಲೆಕ್ಕದ ವಿಷಯದಲ್ಲಿ ಬಹಳ ಕಟ್ಟುನಿಟ್ಟು, ಏನು ಬರೆದರೂ ತಾರೀಖು ಹಾಕುವವರು. ಅವುಗಳ ಮೇಲಿದ್ದುದು ನಾವು ಆಸ್ಪತ್ರೆಯಿಂದ ಹಿಂದಿರುಗಿದ ಮಾರನೆಯ ದಿನದ ತಾರೀಖು.